ಪುರಾತನ ನೆಲೆಗಳ ಉತ್ತರಕಾಲೀನ ಬಳಕೆ: ಕೊಂಡಾಪುರ, ಸನ್ನತಿ

1. ಲಕ್ಷಣ: ಮೂಲ ಜನವಸತಿ ಅಳಿದ ತರುವಾಯ ನೆಲೆಯು ಹೊಲವಾಗಿಯೋ ದೇವಾಲಯವಾಗಿಯೋ ಬಳಕೆಗೆ ಬಂದುದಕ್ಕೆ, ಕಲಕಿದ ಮೇಲ್ಸ್ತರವೂ ಹಳೆಯ ಸ್ತರಗಳನ್ನು ಸೀಳಿದ ಗುಂಡಿಗಳೂ ಮರುಬಳಕೆಯ ಶಿಲೆಗಳೂ ಸಾಕ್ಷ್ಯವಾಗುವುವು.

2. ಕೊಂಡಾಪುರ: ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆ, ಶಾತವಾಹನ ನೆಲೆ, ರೋಮನ್ ನಾಣ್ಯ ಲಭ್ಯ, 1940ರ ದಶಕದ ಆರಂಭದಲ್ಲಿ ಪುರಾತತ್ತ್ವಜ್ಞ ಗುಲಾಮ್ ಯಜ್ದಾನಿಯವರ ಕಾಲದ ಉತ್ಖನನ.
ಎಚ್ಚರಿಕೆ: ಹೈದರಾಬಾದ್ ನಗರದೊಳಗಿನ ಐಟಿ ಬಡಾವಣೆ ಕೊಂಡಾಪುರವೇ ಬೇರೆ, ಬಸ್ಸಿನ ಫಲಕ ನೋಡಿ ಉತ್ತರ ಬರೆಯಬೇಡಿ.

3. ಸನ್ನತಿ: ಕಲಬುರಗಿ ಜಿಲ್ಲೆ, 1956ರವರೆಗೆ ಹೈದರಾಬಾದ್ ರಾಜ್ಯ. ಮರುಬಳಕೆಗೆ ಇದಕ್ಕಿಂತ ಸ್ಫುಟವಾದ ನಿದರ್ಶನ ದುರ್ಲಭ: ಚಂದ್ರಲಾಂಬಾ ದೇವಾಲಯ ಸಮುಚ್ಚಯದ ಕಾಳಿಕಾ ಗುಡಿಯ ಚಾವಣಿ ಕುಸಿದ ಬಳಿಕ, 1986ರಲ್ಲಿ, ದೇವೀವಿಗ್ರಹದ ಪೀಠವಾಗಿದ್ದ ಶಿಲೆಯು ಅಶೋಕನ ಶಾಸನವೆಂದು ತಿಳಿದುಬಂದಿತು, ವಿಗ್ರಹವನ್ನು ನಿಲ್ಲಿಸಲು ನಡುವೆ ಕೊರೆದ ಕುಳಿಯು ಅಕ್ಷರಗಳನ್ನೇ ನುಂಗಿತ್ತು.
ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ.

4. ಗೊಂದಲ: ‘ರಾಯೋ ಅಸೋಕೋ’ ಬರಹವುಳ್ಳ ಶಿಲ್ಪ ಸಮೀಪದ ಕನಗನಹಳ್ಳಿಯದು, ಸನ್ನತಿಯ ಗುಡಿಯದಲ್ಲ.

5. ಕಾಲನಿರ್ಣಯ: ನಾಣ್ಯವು ತಾನು ದೊರೆತ ಸ್ತರದ ಪೂರ್ವಮಿತಿಯನ್ನಷ್ಟೇ ಹೇಳುವುದು. ಸ್ತರವು ಅದಕ್ಕಿಂತ ಈಚಿನದಾಗಿರಬಹುದು, ಹಿಂದಿನದಾಗಿರಲಾರದು.