ಕಳೆನಾಶಕಗಳು ಮತ್ತು ಹೊಂಡ, ಕೆರೆಗಳ ಮೀನು

ತಿಕೋಟಾ ಮತ್ತು ಬಬಲೇಶ್ವರ ತಾಲ್ಲೂಕುಗಳಲ್ಲಿ ದ್ರಾಕ್ಷಿ ತೋಟಕ್ಕೆಂದು ತೋಡಿದ ಪ್ಲಾಸ್ಟಿಕ್ ಹಾಸಿನ ಕೃಷಿ ಹೊಂಡಗಳಲ್ಲಿಯೂ, ಏತ ನೀರಾವರಿಯಿಂದ ಕೃಷ್ಣೆಯ ನೀರು ಪಡೆಯುತ್ತಿರುವ ಮಮದಾಪುರದ ಆದಿಲ್‌ಶಾಹಿ ಕಾಲದ ಕೆರೆಯಂತಹ ಕೆರೆಗಳಲ್ಲಿಯೂ ಕಾಟ್ಲಾ, ರೋಹು, ಮೃಗಾಲ್ ಮತ್ತು ಸಾಮಾನ್ಯ ಗೆಂಡೆಗಳನ್ನು ಸಾಕಲು ಅವಕಾಶ ಒದಗಿದೆ. ಅದೇ ಸೀಮೆಯಲ್ಲಿ ಆಳುಗಳ ಕೊರತೆಯಿಂದ ಕಳೆನಾಶಕದ, ಅಂದರೆ ಕಸದ ಎಣ್ಣೆಯ, ಬಳಕೆಯೂ ರೂಢಿಗೆ ಬಂದಿರುವುದರಿಂದ, ಹೊಲಕ್ಕೆ ಹೊಡೆದ ಔಷಧ ನೀರಿಗಿಳಿದಾಗ ಏನಾಗುತ್ತದೆಂಬುದನ್ನು ಬೆಳೆಗಾರರು ಅರಿತಿರಬೇಕು.

ಡಬ್ಬಿಯ ಮೇಲಿನ ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನಗಳನ್ನು ನೋಡಿ ವಿಷದ ಬಲವನ್ನು ಅಳೆಯುವ ರೂಢಿಯಿದೆ. ಆದರೆ ಆ ಬಣ್ಣಗಳು ಇಲಿಯಂತಹ ಸಸ್ತನಿಗಳ ಮೇಲೆ ನಡೆಸಿದ ಪರೀಕ್ಷೆಯಿಂದ ನಿರ್ಧಾರವಾದವು. ಮೀನಿನ ಸುರಕ್ಷತೆಯ ಬಗ್ಗೆ ಅವು ಏನನ್ನೂ ಹೇಳುವುದಿಲ್ಲ. 

ಈರುಳ್ಳಿ, ತೊಗರಿಗಳಲ್ಲಿ ಬಿತ್ತನೆಯ ಬೆನ್ನಿಗೆ ಸಿಂಪಡಿಸುವ ಪೆಂಡಿಮಿಥಾಲಿನ್ ಇದಕ್ಕೆ ತಕ್ಕ ಉದಾಹರಣೆ. ಪರೀಕ್ಷೆಗೊಳಪಡಿಸಿದ ಮೀನುಗಳಲ್ಲಿ ಅರ್ಧದಷ್ಟನ್ನು 96 ಗಂಟೆಗಳಲ್ಲಿ ಕೊಲ್ಲುವ ಪ್ರಮಾಣಕ್ಕೆ ಅರ್ಧ ಮಾರಕ ಸಾಂದ್ರತೆ ಎನ್ನುತ್ತಾರೆ. ಬ್ಲೂಗಿಲ್ ಎಂಬ ಅಮೆರಿಕದ ಸಿಹಿನೀರಿನ ಮೀನಿಗೆ ಪೆಂಡಿಮಿಥಾಲಿನ್‌ನ ಈ ಪ್ರಮಾಣ ಲೀಟರಿಗೆ ಸುಮಾರು 0.2 ಮಿಲಿಗ್ರಾಂ ಮಾತ್ರ. ಗೆಂಡೆಗಳ ತಾಳಿಕೆ ಇದಕ್ಕಿಂತ ಬೇರೆಯಾಗಿರಬಹುದಾದರೂ ಈ ಅಂಕಿಯನ್ನೇ ಹಿಡಿದು ಲೆಕ್ಕ ಹಾಕಿದರೆ, 10 ಲಕ್ಷ ಲೀಟರ್ ನೀರಿರುವ ಹೊಂಡಕ್ಕೆ 200 ಗ್ರಾಂ, ಅಂದರೆ ಶೇಕಡಾ 30ರ ದ್ರಾವಣವಾದರೆ ಸುಮಾರು 670 ಮಿಲಿಲೀಟರ್, ಸಾಕಾಗುತ್ತದೆ. ಬೇಸಿಗೆಯಲ್ಲಿ ನೀರು ಕಾಲು ಭಾಗಕ್ಕಿಳಿದಾಗ 170 ಮಿಲಿಲೀಟರೇ ಸಾಕು. ಎರೆ ಮಣ್ಣು ಈ ರಾಸಾಯನಿಕವನ್ನು ಬಿಗಿಯಾಗಿ ಹಿಡಿದುಕೊಳ್ಳುವುದರಿಂದ ಕೆಸರಿರುವ ಕೆರೆಯಲ್ಲಿ ಅದರ ಒಂದು ಪಾಲು ತಳ ಸೇರುತ್ತದೆ. ಪ್ಲಾಸ್ಟಿಕ್ ಹಾಸಿದ ಹೊಂಡದಲ್ಲಿ ಹಾಗೆ ಹಿಡಿದಿಡುವ ಮಣ್ಣೇ ಇರುವುದಿಲ್ಲ. ಇನ್ನೊಂದೆಡೆ, ಸೆಪ್ಟೆಂಬರಿನ ಬಿರುಮಳೆಗೆ ಅದೇ ಎರೆ ಮಣ್ಣು ಕೊಚ್ಚಿಹೋಗಿ ಹಳ್ಳ ಸೇರುವಾಗ ತಾನು ಹಿಡಿದಿದ್ದ ವಿಷವನ್ನೂ ಹೊತ್ತೊಯ್ಯುತ್ತದೆ.

ಗ್ಲೈಫೋಸೇಟ್‌ನ ಸಂಗತಿ ಬೇರೆ. ಶುದ್ಧ ರೂಪದಲ್ಲಿ ಅದು ಮೀನಿಗೆ ಅಷ್ಟೇನೂ ತೀವ್ರ ವಿಷವಲ್ಲ. ಆದರೆ ಎಲೆಗೆ ಅಂಟಿಕೊಳ್ಳಲೆಂದು ಕೆಲವು ತಯಾರಿಕೆಗಳಲ್ಲಿ ಬೆರೆಸುವ ಹರಡುದ್ರವ್ಯವು ಸೋಪಿನಂತೆ ವರ್ತಿಸಿ, ಉಸಿರಾಟದ ಅಂಗವಾದ ಕಿವಿರಿನ ತೆಳು ಪೊರೆಯನ್ನು ಕೆಡಿಸುತ್ತದೆ. ಆಗ ಕಿವಿರು ಊದಿಕೊಂಡು, ಲೋಳೆ ತುಂಬಿ, ಮೀನು ನೀರಿನಲ್ಲಿದ್ದೂ ಉಸಿರುಗಟ್ಟುತ್ತದೆ. ನೀರು ಬೆಚ್ಚಗಾದಷ್ಟೂ, ಕ್ಷಾರೀಯವಾದಷ್ಟೂ ಈ ಹಾನಿ ಹೆಚ್ಚುತ್ತದೆಂಬುದು ವಿಜಯಪುರದಂತಹ ಬಿಸಿಲ ಜಿಲ್ಲೆಯಲ್ಲಿ ನೆನಪಿಡಬೇಕಾದ ಮಾತು. ಕೇಂದ್ರ ಸರ್ಕಾರವು 2022ರ ಅಕ್ಟೋಬರಿನಲ್ಲಿ ಗ್ಲೈಫೋಸೇಟ್ ಬಳಕೆಯನ್ನು ಪರವಾನಗಿ ಪಡೆದ ಕೀಟ ನಿಯಂತ್ರಣ ನಿರ್ವಾಹಕರಿಗಷ್ಟೇ ಸೀಮಿತಗೊಳಿಸಿತು.

ವಿಷ ನೇರವಾಗಿ ತಗಲದಿದ್ದರೂ ಮೀನು ಸಾಯಬಹುದು. ಕೆರೆಯಂಚಿನ ಜೊಂಡು, ಪಾಚಿಗಳಿಗೆ ಒಮ್ಮೆಲೇ ಔಷಧ ಹೊಡೆದರೆ ಸತ್ತ ಸಸ್ಯರಾಶಿ ಕೊಳೆಯುವಾಗ ನೀರಿನಲ್ಲಿ ಕರಗಿದ ಆಮ್ಲಜನಕ ಖರ್ಚಾಗಿ, ನಸುಕಿನಲ್ಲಿ ಮೀನುಗಳು ಮೇಲ್ಮೈಗೆ ಬಂದು ಬಾಯಿ ತೆರೆದು ಗಾಳಿ ನುಂಗಲು ಹೆಣಗುತ್ತವೆ. ಜಲಸಸ್ಯ ಹೆಚ್ಚಿದ್ದಲ್ಲಿ ಕೈಯಿಂದ ಕಿತ್ತು ಹೊರಹಾಕುವುದು, ಇಲ್ಲವೇ ಅದನ್ನು ಮೇಯುವ ಹುಲ್ಲುಗೆಂಡೆಯನ್ನು ಬಿಡುವುದು ಮೇಲು.

ಹೊಂಡದ ಏರಿಯ ಒಳಮೈಗೆ ಕಳೆನಾಶಕವನ್ನು ಎಂದಿಗೂ ಹೊಡೆಯಬಾರದು. ಅಲ್ಲಿಯ ಕರಿಕೆ, ಜೇಕುಗಳನ್ನು ಕುಡುಗೋಲು ಅಥವಾ ಹುಲ್ಲು ಕತ್ತರಿಸುವ ಯಂತ್ರದಿಂದಲೇ ತೆಗೆಯಬೇಕು. ಸಾಲು ಬೆಳೆಗಳಲ್ಲಿ ಎಡೆಕುಂಟೆ ಹೊಡೆದು, ದ್ರಾಕ್ಷಿ ಸಾಲುಗಳ ನಡುವೆ ಹೊದಿಕೆ ಹಾಸಿದರೆ ಔಷಧದ ಅಗತ್ಯವೇ ಬಹಳಷ್ಟು ತಗ್ಗುತ್ತದೆ. ಸಿಂಪಡಣೆ ಅನಿವಾರ್ಯವಾದರೆ ಮಳೆಯ ಮುನ್ಸೂಚನೆಯಿಲ್ಲದ, ಗಾಳಿ ತಗ್ಗಿದ ಹೊತ್ತನ್ನು ಆರಿಸಿಕೊಂಡು, ಹೊಲಕ್ಕೂ ಹಳ್ಳಕ್ಕೂ ನಡುವೆ ಹುಲ್ಲಿನ ಪಟ್ಟಿಯೊಂದನ್ನು ಔಷಧ ತಾಗಿಸದೆ ಉಳಿಸಿಕೊಳ್ಳಬೇಕು. ಖಾಲಿ ಡಬ್ಬಿಯನ್ನು ಮೂರು ಬಾರಿ ತೊಳೆದು ಆ ನೀರನ್ನು ಸಿಂಪಡಣೆಯ ಟ್ಯಾಂಕಿಗೇ ಸುರಿಯಬೇಕೇ ಹೊರತು ಹೊಂಡದ ಬಳಿ ಚೆಲ್ಲಬಾರದು. ಟ್ಯಾಂಕು ತುಂಬುವ ಪೈಪಿನ ತುದಿ ದ್ರಾವಣದೊಳಗೆ ಮುಳುಗಿದ್ದಾಗ ಮೋಟಾರು ನಿಂತರೆ ಔಷಧ ಹಿಂದಕ್ಕೆ ಹರಿದು ಹೊಂಡ ಸೇರುವ ಸಂಭವವಿರುವುದರಿಂದ, ಆ ತುದಿಯನ್ನು ಸದಾ ದ್ರಾವಣಕ್ಕಿಂತ ಮೇಲೆ ಹಿಡಿಯಬೇಕು.

ಮೀನುಗಳು ಹಠಾತ್ತನೆ ಸತ್ತರೆ ಅವುಗಳನ್ನು ತಿನ್ನಬಾರದು, ಮಾರಲೂಬಾರದು. ಅಂದೇ ಶುಭ್ರವಾದ ಗಾಜಿನ ಬಾಟಲಿಯಲ್ಲಿ ನೀರಿನ ಮಾದರಿ ತುಂಬಿ ತಂಪಾದ ಕಡೆ ಇರಿಸಿ, ಹಿಂದಿನ ದಿನಗಳಲ್ಲಿ ಸುತ್ತಲಿನ ಹೊಲಗಳಿಗೆ ಹೊಡೆದ ಔಷಧಗಳ ಹೆಸರು ಬರೆದುಕೊಂಡು, ವಿಜಯಪುರದ ಭೂತನಾಳದಲ್ಲಿರುವ ಮೀನುಗಾರಿಕೆ ಸಂಶೋಧನೆ ಮತ್ತು ಮಾಹಿತಿ ಕೇಂದ್ರವನ್ನು ಅಥವಾ ಮೀನುಗಾರಿಕೆ ಇಲಾಖೆಯ ಕಚೇರಿಯನ್ನು ಸಂಪರ್ಕಿಸಬೇಕು.