ಶರ್ಯತ್ತಿನಲ್ಲಿ ಹಿಂದಿಕ್ಕುವ ಧರ್ಮ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಯಲ್ಲಿ ಗಾಡಿಗಳ ಓಟಕ್ಕೆ 'ಶರ್ಯತ್ತು' ಎಂದು ಹೆಸರು. ಮರಾಠಿಯ 'ಶರ್ಯತ' ಎಂಬುದೇ ಇಲ್ಲಿ ಕನ್ನಡದ ಉಡುಪನ್ನು ತೊಟ್ಟಿದೆ. ಇದರ ಮೂಲವು ಅರಬ್ಬಿಯ 'ಶರ್ತ್'. ಅದರ ಅರ್ಥ ನಿಬಂಧನೆ, ಕಟ್ಟಳೆ. ಕರಾರುಪತ್ರಗಳಲ್ಲಿ ಕಾಣುವ 'ಷರತ್ತು' ಅದೇ ಮೂಲದ ಇನ್ನೊಂದು ರೂಪ. ಓಟದ ಆಟವೊಂದು ತನ್ನ ಹೆಸರನ್ನು ವೇಗದಿಂದ ಪಡೆಯದೆ ಕಟ್ಟಳೆಯಿಂದ ಪಡೆದಿರುವುದು ವಿಚಾರಾರ್ಹವಾದ ಸಂಗತಿ. 'ಹಿಂದಿಕ್ಕು' ಎಂಬ ಅಚ್ಚಗನ್ನಡ ಕ್ರಿಯಾಪದವೂ ಅಷ್ಟೇ ಅರ್ಥಗರ್ಭಿತವಾದುದು. 'ಮುಂದಾಗು' ಅಕರ್ಮಕ, ಅದಕ್ಕೆ ಕರ್ತೃವೊಬ್ಬನಿದ್ದರೆ ಸಾಕು. 'ಹಿಂದಿಕ್ಕು' ಸಕರ್ಮಕ, ಇನ್ನೊಬ್ಬನಿಲ್ಲದೆ ಆ ಕ್ರಿಯೆ ನಡೆಯದು. ನ್ಯಾಯಾನ್ಯಾಯಗಳ ಪ್ರಶ್ನೆ ಹುಟ್ಟುವುದು ಆ ಇನ್ನೊಬ್ಬನಿಂದಲೇ.

ಕರಾವಳಿಯ ಜೋಡುಕರೆ ಕಂಬಳದಲ್ಲಿ ಒಂದೊಂದು ಜೋಡಿ ಕೋಣಗಳಿಗೂ ಪ್ರತ್ಯೇಕವಾದ ಕರೆಯುಂಟು. ಪುಣೆಯ ಕಡೆಯ ಘಾಟದ ಓಟದಲ್ಲಿ ಒಂದೊಂದೇ ಗಾಡಿಯನ್ನು ಬಿಟ್ಟು ಕಾಲವನ್ನು ಅಳೆಯುವರು. ಇವೆರಡರಲ್ಲಿಯೂ ಒಬ್ಬನ ದಾರಿಯನ್ನು ಮತ್ತೊಬ್ಬನು ಕಸಿಯುವ ಸಂಭವವಿಲ್ಲ. ಈ ಗಡಿಸೀಮೆಯ ಶರ್ಯತ್ತಾದರೋ ಹಲವು ಗಾಡಿಗಳು ಒಟ್ಟಿಗೆ ಹೊರಟು, ಗೊತ್ತುಮಾಡಿದ ಗುರುತಿನವರೆಗೆ ಓಡಿ, ಅಲ್ಲಿ ತಿರುಗಿ ಮರಳಿ ಬರುವ ಬಗೆಯದು. ಗಾಡಿ ಹಲವು, ದಾರಿ ಒಂದೇ.

ಮೋಟಾರು ಪಂದ್ಯದಲ್ಲಿ ಮುಂದಿನ ಕಾರು ಗಾಳಿಯನ್ನು ಸೀಳಿಕೊಂಡು ಹೋಗುವುದರಿಂದ ನೇರದಾರಿಯಲ್ಲಿ ಹಿಂದಿನದಕ್ಕೆ ಗಾಳಿಯ ತಡೆ ಕಡಿಮೆ. ಆ ಲಾಭದಿಂದ ಹತ್ತಿರ ಸರಿದು, ತಿರುವಿಗೆ ಮುಂಚೆ ಮಗ್ಗುಲಿಗೆ ಹೊರಳಿ, ತುಸು ತಡವಾಗಿ ಬ್ರೇಕು ಹಾಕಿ ಒಳಬದಿಯನ್ನು ಹಿಡಿಯುವುದು ಅಲ್ಲಿನ ತಂತ್ರ. ಎತ್ತಿನ ಗಾಡಿಗೆ ಈ ಉಪಕಾರವಿಲ್ಲ. ಹಿಂದಿನವನ ಪಾಲಿಗೆ ಬರುವುದು ಮುಂದಿನವನ ಧೂಳು. ತಿರುವಿನಲ್ಲಿ ಒಳಮಗ್ಗುಲಿನ ಎತ್ತಿನ ಹಗ್ಗವನ್ನು ಬಿಗಿಹಿಡಿದು ಹೊರಮಗ್ಗುಲಿನದನ್ನು ಚುರುಕುಗೊಳಿಸಬೇಕು. ತೀರ ಇಕ್ಕಟ್ಟಾಗಿ ತಿರುಗಿಸಿದರೆ ಗಾಡಿ ಉರುಳುವ ಭಯ. ಅಗಲವಾಗಿ ತಿರುಗಿಸಿದರೆ ಒಳದಾರಿಯನ್ನು ಹಿಂದಿನವನಿಗೆ ಬಿಟ್ಟುಕೊಟ್ಟಂತೆ. ಹೋಮರನ 'ಇಲಿಯಡ್' ಮಹಾಕಾವ್ಯದ 23ನೆಯ ಸರ್ಗದಲ್ಲಿ ರಥಗಳ ಓಟಕ್ಕೆ ಹೊರಟ ಮಗ ಆಂಟಿಲೋಕಸನಿಗೆ ವೃದ್ಧ ನೆಸ್ಟರನು ಹೇಳುವ ಉಪಾಯವೂ ಇದೇ ಆಗಿದೆ.

ಆದರೆ ಆ ಮಗನು ಮುಂದಾದದ್ದು ತಂದೆ ಹೇಳಿದ ತಿರುವಿನಲ್ಲಲ್ಲ. ಮಳೆನೀರು ಕೊರೆದು ದಾರಿ ಕಿರಿದಾದ ಕಡೆಯಲ್ಲಿ ಮೆನೆಲಾಸನ ರಥದ ಮಗ್ಗುಲಿಗೆ ತನ್ನದನ್ನು ನುಗ್ಗಿಸಿದನು. ರಥಗಳು ತಾಗಿ ಉರುಳಿಯಾವೆಂದು ಮೆನೆಲಾಸನು ತಾನಾಗಿಯೇ ಕುದುರೆಗಳನ್ನು ತಡೆದನು. ಇದು ಎದುರಾಳಿಯ ವಿವೇಕವನ್ನೇ ಬಂಡವಾಳ ಮಾಡಿಕೊಂಡ ಗೆಲುವು. 1990ರ ಅಕ್ಟೋಬರಿನಲ್ಲಿ ಜಪಾನಿನ ಸುಜುಕಾದಲ್ಲಿ ಹಾಗೆ ತಡೆಯುವವರಿರಲಿಲ್ಲ. ಮೊದಲ ತಿರುವಿನಲ್ಲಿಯೇ ಅಯರ್ಟನ್ ಸೆನ್ನಾ ಅವರ ಕಾರು ಮುಂದಿದ್ದ ಅಲೆನ್ ಪ್ರೋಸ್ಟ್ ಅವರ ಕಾರಿಗೆ ಬಡಿಯಿತು, ಇಬ್ಬರೂ ಹೊರಬಿದ್ದರು, ಅಂಕಗಳಲ್ಲಿ ಮುಂದಿದ್ದ ಸೆನ್ನಾ ವಿಶ್ವವಿಜೇತರಾದರು. ಅದು ಬುದ್ಧಿಪೂರ್ವಕವಾಗಿತ್ತೆಂದು ಮರುವರ್ಷ ಅವರೇ ಒಪ್ಪಿದರು. ಮುಂದಿರುವವನಿಗೂ ಕಟ್ಟಳೆಯುಂಟು. ಸ್ಥಾನವನ್ನು ಕಾಯಲು ಒಂದು ಸಲಕ್ಕಿಂತ ಹೆಚ್ಚು ದಿಕ್ಕು ಬದಲಿಸಕೂಡದು. ಹಾಗೆ ಸರಿದವನು ತಿರುವಿನ ಸಮೀಪದಲ್ಲಿ ಮರಳಿ ಬರುವಾಗ ಅಂಚಿನಲ್ಲಿ ಒಂದು ಕಾರಿನಷ್ಟಾದರೂ ಅಗಲವನ್ನು ಬಿಡಬೇಕು ಎಂಬುದು ಫಾರ್ಮುಲಾ ಒನ್ ಪಂದ್ಯಗಳಲ್ಲಿ ರೂಢಗೊಂಡ ನಿಯಮ.

ಕಾರು ಚಾಲಕನ ಇಚ್ಛೆಯಂತೆ ಹೊರಳುತ್ತದೆ. ಖಿಲಾರಿ ಎತ್ತಿಗೆ ತನ್ನದೇ ಆದ ಬೆದರಿಕೆಯುಂಟು. ಅದು ಬೆದರಿ ಅಡ್ಡಬಂದರೆ ದೋಷವನ್ನು ಎಣಿಸಲಾಗದು. ಬೆದರಿಸಿದವನಿದ್ದರೆ ದೋಷ ಅವನದು. ಬಾರುಕೋಲಿನಿಂದ ಬಡಿದು, ಬಾಲ ತಿರುಚಿ ಮುಂದಾಗಿಸುವುದು ಮಗ್ಗುಲಿನ ಗಾಡಿಗೂ ಎತ್ತಿಗೂ ಒಮ್ಮೆಲೇ ಮಾಡುವ ಅನ್ಯಾಯ. ಸರ್ವೋಚ್ಚ ನ್ಯಾಯಾಲಯವು 2014ರ ಮೇ 7ರಂದು ಇಂತಹ ಓಟಗಳನ್ನು ನಿಷೇಧಿಸಿದ್ದು ಪ್ರಾಣಿಹಿಂಸೆಯ ಕಾರಣದಿಂದಲೇ. ಕಂಬಳಕ್ಕೂ ಎತ್ತಿನ ಗಾಡಿಯ ಓಟಕ್ಕೂ ಅವಕಾಶವಿತ್ತ ಕರ್ನಾಟಕದ 2017ರ ತಿದ್ದುಪಡಿ ಕಾಯಿದೆಯನ್ನು ಅದೇ ನ್ಯಾಯಾಲಯದ ಸಂವಿಧಾನ ಪೀಠವು 2023ರ ಮೇ 18ರಂದು ಎತ್ತಿಹಿಡಿಯಿತು. ಆದರೆ ಪ್ರಾಣಿಗೆ ಅನಗತ್ಯ ನೋವಾಗಕೂಡದೆಂಬ ನಿಬಂಧನೆ ಉಳಿದಿದೆ. ಗಾಡಿಗಳ ಮಗ್ಗುಲಲ್ಲಿ ಮೋಟಾರು ಸೈಕಲ್ಲುಗಳನ್ನು ಓಡಿಸುತ್ತ ಕೂಗುವ ಉತ್ಸಾಹಿಗಳು ಇದ್ದ ದಾರಿಯನ್ನೂ ಕಿರಿದುಮಾಡುತ್ತಾರೆ. ಹಿಂದಿಕ್ಕಬೇಕಾದವನಿಗೆ ಇದಕ್ಕಿಂತ ದೊಡ್ಡ ವಿಘ್ನವಿಲ್ಲ.

ಓಟ ಮುಗಿದ ಮೇಲೆ ಮೆನೆಲಾಸನು ಆಂಟಿಲೋಕಸನನ್ನು ಸಭೆಯ ಎದುರಿಗೆ ಕರೆದು, ಚಾವಟಿ ಹಿಡಿದು, ಕುದುರೆಗಳನ್ನು ಮುಟ್ಟಿ, ತಾನು ಕಪಟದಿಂದ ಅಡ್ಡಿ ಮಾಡಲಿಲ್ಲವೆಂದು ಆಣೆಯಿಡುವಂತೆ ಕೇಳಿದನು. ತರುಣನು ಆಣೆಯಿಡಲಿಲ್ಲ, ಬಹುಮಾನವಾಗಿ ಬಂದ ಹೆಣ್ಣುಕುದುರೆಯನ್ನು ತಂದು ಮೆನೆಲಾಸನಿಗೆ ಒಪ್ಪಿಸಿದನು. ಮನಸ್ಸು ಕರಗಿದ ಮೆನೆಲಾಸನು ಅದನ್ನು ಅವನಿಗೇ ಮರಳಿ ಕೊಟ್ಟನು.