ದೊಡ್ಡ ಕೋಶವೇ ತಪ್ಪಿತಸ್ಥನೇ? ಎಲುಬಿನ ದೈತ್ಯಕೋಶ ಗಡ್ಡೆ ಕುರಿತ ಒಂದು ಪಾಠಾನುಭವ

ಹಿನ್ನೆಲೆ

ಬಿ.ಇಡಿ. ಬೋಧನಾಭ್ಯಾಸದ ಅವಧಿಯಲ್ಲಿ ಭಂಕೂರದ ಪ್ರೌಢಶಾಲೆಯೊಂದರಲ್ಲಿ ಒಂಬತ್ತನೆಯ ತರಗತಿಗೆ ‘ಅಂಗಾಂಶಗಳು’ ಘಟಕವನ್ನು ಬೋಧಿಸುತ್ತಿದ್ದೆ. ಐಚ್ಛಿಕ ಸ್ನಾಯುಕೋಶದಲ್ಲಿ ಅನೇಕ ಕೋಶಕೇಂದ್ರಗಳಿರುತ್ತವೆ ಎಂದು ಕಪ್ಪುಹಲಗೆಯ ಮೇಲೆ ಚಿತ್ರ ಬರೆದಾಗ, “ಇಂಥ ಕೋಶ ಬ್ಯಾರೆ ಎಲ್ಲೆರ ಅದಾವೇನ್ರಿ ಸರ್?” ಎಂದು ಹುಡುಗನೊಬ್ಬ ಕೇಳಿದ. ಪ್ರಶ್ನೆ ಒಳ್ಳೆಯದಿತ್ತು. ಪಾಠ ಯೋಜನೆಯಲ್ಲಿ ಇಲ್ಲದಿದ್ದರೂ ಉತ್ತರಕ್ಕೆ ಇಳಿದೆ.

ಎಲುಬು ಸತ್ತ ಕಲ್ಲಲ್ಲ. ಆಸ್ಟಿಯೋಬ್ಲಾಸ್ಟ್ ಎಂಬ ಕೋಶಗಳು ಅದನ್ನು ಕಟ್ಟುತ್ತಲೇ ಇರುತ್ತವೆ, ಆಸ್ಟಿಯೋಕ್ಲಾಸ್ಟ್ ಎಂಬ ಬಹುಕೇಂದ್ರ ಕೋಶಗಳು ಹಳೆಯದನ್ನು ಕರಗಿಸುತ್ತಲೇ ಇರುತ್ತವೆ ಎಂದೆ. ಅಲ್ಲಿಗೆ ನಿಲ್ಲಿಸಬೇಕಿತ್ತು. ಉತ್ಸಾಹದಲ್ಲಿ, “ಒಮ್ಮೊಮ್ಮೆ ಇಂಥ ದೈತ್ಯಕೋಶಗಳು ಮಿತಿಮೀರಿ ವಿಭಜನೆಯಾಗಿ ಎಲುಬನ್ನೇ ತಿಂದು ಗಡ್ಡೆಯಾಗುತ್ತವೆ” ಎಂದುಬಿಟ್ಟೆ.

ಗಂಟೆ ಬಾರಿಸಿದ ಮೇಲೆ ಒಬ್ಬ ಹುಡುಗಿ ಹತ್ತಿರ ಬಂದಳು. “ನಮ್ಮ ಕಾಕಾಗ ಮೊಣಕಾಲಿನ್ಯಾಗ ಅದೇ ಆಗಿತ್ರಿ ಸರ್. ಆಪರೇಶನ್ ಆಗ್ಯಾದ. ಆ ದೊಡ್ಡ ಕೋಶ ಎಲ್ಲಾ ತೆಗದ್ರ ಆರಾಮ ಆದಂಗೇ ಅಲ್ರಿ?” ನಾಳೆ ಹೇಳುತ್ತೇನೆ ಎಂದೆ.

ನನ್ನ ತಪ್ಪು

ಆ ರಾತ್ರಿ ಓದಿದಾಗ ನಾನು ಹೇಳಿದ್ದು ತಲೆಕೆಳಗಾಗಿತ್ತೆಂದು ತಿಳಿಯಿತು. ಈ ಗಡ್ಡೆಯಲ್ಲಿ ಮೂರು ಬಗೆಯ ಕೋಶಗಳಿವೆ: ಎಲುಬು ಕಟ್ಟುವ ವಂಶಕ್ಕೆ ಸೇರಿದ ಸಣ್ಣ ಸ್ಟ್ರೋಮಲ್ ಕೋಶಗಳು, ರಕ್ತದಿಂದ ಬಂದ ಮಾನೋಸೈಟ್‌ಗಳು, ಮತ್ತು ಹತ್ತಾರು, ಕೆಲವೊಮ್ಮೆ ನೂರರಷ್ಟು ಕೋಶಕೇಂದ್ರಗಳಿರುವ ದೈತ್ಯಕೋಶಗಳು. ಹೆಸರು ಬಂದದ್ದು ದೈತ್ಯಕೋಶಗಳಿಂದ. ಆದರೆ ವಿಭಜನೆಯಾಗಿ ಬೆಳೆಯುವ ನಿಜವಾದ ಗಡ್ಡೆಕೋಶ ಸಣ್ಣ ಸ್ಟ್ರೋಮಲ್ ಕೋಶ. ದೈತ್ಯಕೋಶ ವಿಭಜನೆಯಿಂದ ಹುಟ್ಟುವುದೇ ಇಲ್ಲ. ಮಾನೋಸೈಟ್ ವಂಶದ ಕೋಶಗಳು ಒಂದರೊಳಗೊಂದು ಬೆರೆತು ಅದಾಗುತ್ತದೆ.

2013ರಲ್ಲಿ ಪ್ರಕಟವಾದ ಸಂಶೋಧನೆಯೊಂದರಲ್ಲಿ 53 ಗಡ್ಡೆಗಳ ಪೈಕಿ 49ರಲ್ಲಿ ಎಚ್3ಎಫ್3ಎ ಎಂಬ ಜೀನಿನಲ್ಲಿ ಬದಲಾವಣೆ ಕಂಡಿತು. ಡಿಎನ್ಎ ಸುತ್ತಿಕೊಳ್ಳುವ ಹಿಸ್ಟೋನ್ ಪ್ರೋಟೀನಿನ 34ನೆಯ ಸ್ಥಾನದಲ್ಲಿ ಗ್ಲೈಸಿನ್ ಬದಲು ಹೆಚ್ಚಾಗಿ ಟ್ರಿಪ್ಟೊಫ್ಯಾನ್ ಇತ್ತು. ಆ ಬದಲಾವಣೆ ಇದ್ದದ್ದು ಸ್ಟ್ರೋಮಲ್ ಕೋಶಗಳಲ್ಲಿ, ದೈತ್ಯಕೋಶಗಳಲ್ಲಲ್ಲ.

ಎರಡನೆಯ ದಿನ

“ನಿನ್ನೆ ನಾನು ಹೇಳಿದ್ದು ತಪ್ಪು” ಎಂದೇ ತರಗತಿ ಆರಂಭಿಸಿದೆ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಅವರಿಗೆ ಗೊತ್ತಿರುವ ಶಹಾಬಾದ ಕಲ್ಲಿನ ಗಣಿಗೆ ಹೋದೆ. ಕಲ್ಲು ಒಡೆಯುವವರು ಕಣ್ಣಿಗೆ ಕಾಣುತ್ತಾರೆ. ಅವರನ್ನು ಕರೆಸುವ ಗುತ್ತೇದಾರ ಕಾಣುವುದಿಲ್ಲ. ಸ್ಟ್ರೋಮಲ್ ಕೋಶವೇ ಗುತ್ತೇದಾರ. ಅದು ರ‍್ಯಾಂಕ್ ಲೈಗ್ಯಾಂಡ್ ಎಂಬ ಕರೆಚೀಟಿ ಕಳಿಸುತ್ತದೆ. ಮಾನೋಸೈಟ್ ಮೈಮೇಲಿನ ರ‍್ಯಾಂಕ್ ಗ್ರಾಹಕ ಆ ಚೀಟಿ ಪಡೆದಾಗ ಅವು ಬೆರೆತು ದೈತ್ಯಕೋಶಗಳಾಗಿ ಎಲುಬು ಕರಗಿಸತೊಡಗುತ್ತವೆ. ಆರೋಗ್ಯವಂತ ಎಲುಬಿನಲ್ಲೂ ಇದೇ ಚೀಟಿ ಓಡಾಡುತ್ತದೆ, ಆದರೆ ಲೆಕ್ಕದಲ್ಲಿ.

ಮೂವರಿಗೆ ಚೀಟಿ ಕೊಟ್ಟೆ. ಚೀಟಿ ಪಡೆದ ಆರು ಮಂದಿ ಕೈಕೈ ಹಿಡಿದು ಒಂದಾದರು. ಗಣಿಯ ಕೂಲಿಗಳು ಹೀಗೆ ಒಂದೇ ಮೈಯಾಗುವುದಿಲ್ಲ, ಹೋಲಿಕೆ ಅಲ್ಲಿಗೆ ಮುಗಿಯಿತು ಎಂದು ಹೇಳಿದೆ. ಬಳಿಕ ಒಬ್ಬನಿಗೆ ‘ಡೆನೊಸುಮ್ಯಾಬ್’ ಎಂದು ಹೆಸರಿಟ್ಟು, ದಾರಿಯಲ್ಲೇ ಚೀಟಿ ಹಿಡಿಯಲು ಹೇಳಿದೆ. ಅಮೆರಿಕದಲ್ಲಿ 2013ರಲ್ಲಿ ಈ ಗಡ್ಡೆಗೆ ಒಪ್ಪಿಗೆ ಪಡೆದ ಔಷಧಿ ಮಾಡುವುದೂ ಇದನ್ನೇ. ಚೀಟಿ ನಿಂತಿತು, ಗುಂಪು ಕರಗಿತು.

“ರೋಗ ವಾಸಿಯಾಯಿತೇ?” ಎಂದು ಕೇಳಿದೆ. ಹೆಚ್ಚಿನವರು ಹೌದೆಂದರು. ಔಷಧಿಯ ಹುಡುಗನನ್ನು ಕೂರಿಸಿದೆ. ಮೂವರೂ ಮತ್ತೆ ಚೀಟಿ ಹಂಚತೊಡಗಿದರು. ಹಿಂದಿನ ಬೆಂಚಿನಿಂದ ಉತ್ತರ ಬಂತು: “ಇಲ್ರಿ ಸರ್, ಗುತ್ತೇದಾರ ಇನ್ನಾ ಅಲ್ಲೇ ಅದಾನ್ರಿ!”

ಈ ಗಡ್ಡೆ ಬಹುಪಾಲು 20ರಿಂದ 40 ವರ್ಷದವರಲ್ಲಿ, ಮೊಣಕಾಲಿನ ಸುತ್ತಲಿನ ಎಲುಬಿನ ತುದಿಗಳಲ್ಲಿ ಬರುತ್ತದೆ. ಸಾಮಾನ್ಯವಾಗಿ ಕ್ಯಾನ್ಸರ್ ಅಲ್ಲ. ಅಪರೂಪಕ್ಕೆ ಶ್ವಾಸಕೋಶ ಸೇರುವುದುಂಟು. ಅಂಟುವುದಿಲ್ಲ. ವೈದ್ಯರು ಅದನ್ನು ಕೆರೆದು ತೆಗೆದು, ಟೊಳ್ಳಿಗೆ ಎಲುಬಿನ ಸಿಮೆಂಟ್ ತುಂಬುವುದುಂಟು. ‘ಸಿಮೆಂಟ್’ ಎಂದಾಗ ತರಗತಿ ನಕ್ಕಿತು. ಅದು ವಾಡಿಯ ಸಿಮೆಂಟಲ್ಲ, ಒಂದು ಬಗೆಯ ಪ್ಲಾಸ್ಟಿಕ್ ಎಂದು ತಿಳಿಸಿದೆ. ಸಣ್ಣ ಕೋಶಗಳು ಸ್ವಲ್ಪ ಉಳಿದರೂ ಗಡ್ಡೆ ಅಲ್ಲೇ ಮರಳಬಹುದು.

ಆ ಹುಡುಗಿ ನಿಧಾನವಾಗಿ ಹೇಳಿದಳು: “ಹಂಗಾದ್ರ ಡಾಕ್ಟರ್ ಮತ್ತ ಮತ್ತ ಫೋಟೋ ತೆಗಸ್ರಿ ಅನ್ನೋದು ಇದಕ್ಕೇನ್ರಿ. ಕಾಕಾ ಆರಾಮ ಆಗೀನಿ, ಹೋಗಂಗಿಲ್ಲ ಅಂತಾನ್ರಿ.” ಎಕ್ಸ್-ರೇಗೆ ತಪ್ಪದೆ ಹೋಗಲು ಹೇಳು ಎಂದೆ.

ಕಲಿತದ್ದು

ಆ ಮನೆಯಲ್ಲಿ ನನ್ನ ಮೊದಲ ದಿನದ ಮಾತು ‘ದೊಡ್ಡ ಕೋಶ ಹೋಯಿತು, ಇನ್ನು ಭಯವಿಲ್ಲ’ ಎಂದೇ ಉಳಿಯುತ್ತಿತ್ತು. ಸಹ ಪ್ರಶಿಕ್ಷಣಾರ್ಥಿಗಳಿಗೆ ನನ್ನದು ಮೂರು ಸೂಚನೆ. ಯೋಜನೆಯ ಹೊರಗಿನ ಪ್ರಶ್ನೆಗೆ ‘ನಾಳೆ’ ಎನ್ನಲು ಹಿಂಜರಿಯಬೇಡಿ. ಹೋಲಿಕೆ ಕೊಟ್ಟರೆ ಅದು ಎಲ್ಲಿ ಮುರಿಯುತ್ತದೆಂದು ನೀವೇ ಹೇಳಿ. ತಪ್ಪಿದರೆ ಅದೇ ತರಗತಿಯ ಮುಂದೆ, ಮರುದಿನವೇ ತಿದ್ದಿ. ರೋಗದ ವಿಷಯ ಹೇಳುವಾಗಲಂತೂ ಕೇಳುವ ಮಕ್ಕಳಲ್ಲಿ ಯಾರ ಮನೆಯಲ್ಲಿ ಯಾರು ಮಲಗಿದ್ದಾರೋ ನಮಗೆ ತಿಳಿದಿರುವುದಿಲ್ಲ.